ಬಾಲವಿಲ್ಲದ ಬಿಲ್ಲೆಗಳು

ಇನ್ನೂರ ನಲವತ್ತು ಬಿಲ್ಲೆ ಎಣಿಸಿದೆ. ಒಂದಕ್ಕೂ ಬಾಲವಿರಲಿಲ್ಲ.

ನಾಯಿಯೂಟದ ಆ ಕಂದು ಬಿಲ್ಲೆಗಳನ್ನು ಬಿಳಿ ತಟ್ಟೆಯ ಮೇಲೆ ಹತ್ತು ಹತ್ತರ ಸಾಲು ಮಾಡಿ ಹರಡಿದ್ದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಎಲ್ಲವೂ ದುಂಡಗೆ, ನುಣ್ಣಗೆ, ಮದುವಣಿಗನ ಹಾಗೆ ಕೂತಿದ್ದವು.

"ಏನ್ ಹುಡುಕ್ತಾ ಇದೀರಿ ಮೇಡಂ?" ಬೆನ್ನ ಹಿಂದಿನಿಂದ ಶಿಷ್ಯ ಕೇಳಿದ.

"ಕೂದಲು," ಎಂದೆ.

"ಸಿಕ್ಕಿದ್ರೆ ಹೇಳಿ. ಪೊರಕೆ ಹಿಡಿದು ನಾನೇ ಗುಡಿಸ್ತೀನಿ," ಎಂದು ನಕ್ಕ. ಅವನ ನಗು ಬಾಯಿಂದ ಮೇಲಕ್ಕೆ ಹತ್ತಲಿಲ್ಲ.

ಶಿಷ್ಯ ಎಂದರೆ ನನ್ನ ಶಿಷ್ಯನೇ. ಈ ಕಾರ್ಖಾನೆಯ ಪ್ರಯೋಗಾಲಯದ ಮುಖ್ಯಸ್ಥ, ನಾನು ಕೂತಿದ್ದ ಕುರ್ಚಿಯಲ್ಲೇ ಈಗ ಕೂರುವವನು. ಇಪ್ಪತ್ತಾರು ವರ್ಷ ನಾನು ಇಲ್ಲಿ ಚೀಲಕ್ಕೆ ಕೈ ಹಾಕಿ, ಮೂಗು ಹಾಕಿ, ಇದು ನಾಯಿ ತಿನ್ನಬಹುದಾದದ್ದು, ಇದು ತಿನ್ನಬಾರದ್ದು ಎಂದು ತೀರ್ಮಾನ ಕೊಟ್ಟವಳು. ಗೇಟಿನವರಿಂದ ಹಿಡಿದು ಯಜಮಾನನ ತನಕ ಎಲ್ಲರೂ ಬೆನ್ನ ಹಿಂದೆ ನನ್ನನ್ನು ಮೂಗಮ್ಮ ಎನ್ನುತ್ತಿದ್ದರು. ಅನ್ನಲಿ. ನಾಲ್ಕು ವರ್ಷದ ಹಿಂದೆ ನಿವೃತ್ತಳಾಗಿ ಹೋದಾಗ, ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದುಕೊಂಡಿದ್ದೆ.

ಆದರೆ ನನ್ನ ತಂಗಿಯ ನಾಯಿಮನೆಯಲ್ಲಿ ನಾಲ್ಕೇ ದಿನದಲ್ಲಿ ಹನ್ನೊಂದು ನಾಯಿಗಳು ಸತ್ತಿದ್ದವು. ಅವಳೇ ವಿಷ ಹಾಕಿದಳೆಂದು ಅವಳನ್ನು ಠಾಣೆಯಲ್ಲಿ ಕೂರಿಸಿದ್ದರು. ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಕಾಗದಗಳನ್ನು ನ್ಯಾಯಾಲಯಕ್ಕೆ ಕಳಿಸಿದರೆ ಅವಳು ಜೈಲಿಗೆ. ಈಗ ಮಧ್ಯಾಹ್ನ ಎರಡೂಕಾಲು.

ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಅವಳ ಹತ್ತಿರ ಬಿಟ್ಟು ಹೋಗುತ್ತಿದ್ದರು. ವಾಪಸು ಬಂದವರ ಕೈಗೆ ಅವಳು ಕೊಟ್ಟದ್ದು ಬರೀ ಬೆಲ್ಟು. ಒಬ್ಬ ಹೆಂಗಸು ಆ ಬೆಲ್ಟಿನಿಂದಲೇ ಅವಳ ಮುಖಕ್ಕೆ ಬಾರಿಸಿದಳು. ಬಕಲ್ ತಾಗಿ ಹುಬ್ಬು ಸೀಳಿತು. ತಂಗಿ ಒರೆಸಿಕೊಳ್ಳಲೂ ಇಲ್ಲ. "ಹೊಡೀಲಿ ಬಿಡಕ್ಕ, ಅವರ ಮಗು ಹೋಗಿದೆ," ಅಂದಳು. ಅಂಥ ಪೆದ್ದಿ ಅವಳು. ಸಾಯುತ್ತಿದ್ದ ಒಂದೊಂದು ನಾಯಿಯ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳನ್ನು ಹಿಡಿದು ವಿಷ ಹಾಕಿದವಳು ಎನ್ನುತ್ತಾರೆ.

ಅವಳ ಮನೆಯಲ್ಲಿದ್ದ ಚೀಲವನ್ನು ಪರೀಕ್ಷಿಸಿ ಎಂದರೆ ಇನ್ಸ್‌ಪೆಕ್ಟರ್ ಕೈ ಆಡಿಸಿಬಿಟ್ಟ. "ಬಾಯಿ ಬಿಚ್ಚಿದ ಚೀಲ ಮೇಡಂ. ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಬೆರೆಸಿರಬಹುದು." ಅಂಗಡಿಗಳಲ್ಲಿದ್ದ ಬಿಚ್ಚದ ಚೀಲಗಳನ್ನು ಕಾರ್ಖಾನೆ ಮಹಾ ಕಾಳಜಿಯಿಂದ ಎರಡೇ ದಿನದಲ್ಲಿ ವಾಪಸು ತರಿಸಿ ಬಾಯ್ಲರಿಗೆ ಹಾಕಿತ್ತು. ಉಳಿದದ್ದು ಒಂದೇ, ಮಾದರಿ ಜಾಡಿ.

ಪ್ರತಿ ಬ್ಯಾಚಿನಿಂದ ಒಂದು ಜಾಡಿ ತುಂಬಿ, ಮುಚ್ಚಳಕ್ಕೆ ಸೀಲು ಹಾಕಿ, ಕತ್ತಲೆ ಕಪಾಟಿನಲ್ಲಿ ಹದಿನೆಂಟು ತಿಂಗಳು ಇಡುತ್ತಾರೆ. ಆ ಅವಧಿ ಮುಗಿಯುವ ತನಕ, ಇಬ್ಬರು ಸಹಿ ಹಾಕಿ ಒಪ್ಪದ ಹೊರತು, ಆಕಾಶ ಕಳಚಿ ಬಿದ್ದರೂ ಜಾಡಿ ಎಸೆಯುವಂತಿಲ್ಲ. ಈ ನಿಯಮವನ್ನು ಶಿಷ್ಯನ ತಲೆಗೆ ತುಂಬಿದವಳು ನಾನೇ. ಮೊನ್ನೆ ಇನ್ಸ್‌ಪೆಕ್ಟರ್ ಈ ಜಾಡಿಯಿಂದಲೇ ಒಂದು ಹಿಡಿ ಒಯ್ದು ಪರೀಕ್ಷೆ ಮಾಡಿಸಿದ್ದ. ಫಲಿತಾಂಶ ಹಾಲಿನಷ್ಟು ಬಿಳುಪು. ಇವತ್ತು ಅವನ ಚೀಟಿ ಹಿಡಿದು ಅದೇ ಜಾಡಿ ನೋಡಲು ನಾನು ಬಂದಿದ್ದೆ.

ನನ್ನ ಜೇಬಿನಲ್ಲೊಂದು ಕಾಗದದ ಪೊಟ್ಟಣವಿತ್ತು, ತಂಗಿಯ ಚೀಲದಿಂದ ತೆಗೆದ ಒಂದು ಹಿಡಿ ಬಿಲ್ಲೆ. ಬೆಳಿಗ್ಗೆ ಅವನ್ನು ಆರಿಸಿ ನೋಡಿದ್ದೆ. ಆರಿಸುವುದು ನನ್ನ ಹುಟ್ಟುಗುಣ. ತಂಗಿ ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಅಮ್ಮ ದುಡಿಯಲು ಹೋದಾಗ ಅವಳನ್ನು ಎದುರಿಗೆ ಕೂರಿಸಿಕೊಂಡು, ಒಂದು ಕಡೆ ಅಕ್ಷರ ತಿದ್ದಿಸುತ್ತಾ ಇನ್ನೊಂದು ಕಡೆ ತಟ್ಟೆಯಲ್ಲಿ ಕಾಳು ಆರಿಸುತ್ತಿದ್ದೆ. "ಕಪ್ಪು ಕಾಳಲ್ಲೇ ಕಣೇ ವಿಷ ಇರೋದು, ಒಂದೂ ಬಿಡಬೇಡ," ಎಂದು ದಿನಾ ಅದೇ ರಾಗ. ಅವಳು ನನಗೆ ಆರಿಸೋ ಅಮ್ಮ ಎಂದು ಹೆಸರಿಟ್ಟಿದ್ದಳು.

ಪೊಟ್ಟಣದ ಬಿಲ್ಲೆಗಳಲ್ಲಿ ನಾಲ್ಕಕ್ಕೆ ಬಾಲವಿತ್ತು. ಅಂಚಿನಿಂದ ಇಲಿಮರಿಯ ಬಾಲದಷ್ಟು ಸಣ್ಣ ಎಳೆ ಹೊರಚಾಚಿತ್ತು. ಬೇರೆಯವರಿಗೆ ಅದು ಕಸ. ಇಪ್ಪತ್ತಾರು ವರ್ಷ ಈ ಹಿಟ್ಟಿನ ಧೂಳು ಕುಡಿದವಳಿಗೆ ಅದು ಹೆಬ್ಬೆಟ್ಟಿನ ಗುರುತು. ಬೆಂದ ಹಿಟ್ಟನ್ನು ಇಪ್ಪತ್ತನಾಲ್ಕು ತೂತಿನ ಉಕ್ಕಿನ ಅಚ್ಚಿನಿಂದ ಒತ್ತಿ ಹೊರಗೆ ತರುತ್ತಾರೆ. ಯಾವುದಾದರೂ ಒಂದು ತೂತಿನ ಅಂಚು ಸವೆದರೆ, ಆ ತೂತಿನಿಂದ ಬಂದ ಬಿಲ್ಲೆಗಳಿಗೆಲ್ಲ ಬಾಲ. ಅಂದರೆ ಇನ್ನೂರ ನಲವತ್ತರಲ್ಲಿ ಹತ್ತಕ್ಕಾದರೂ ಬಾಲವಿರಲೇಬೇಕು.

ಜಾಡಿಯ ಮೇಲೆ ತಂಗಿಯ ಚೀಲದ್ದೇ ಬ್ಯಾಚಿನ ಸಂಖ್ಯೆ, ಅದೇ ಮೂರನೇ ತಾರೀಖು. ಒಳಗಿನ ಬಿಲ್ಲೆ ಮಾತ್ರ ಬೇರೆ.

ಬಿಲ್ಲೆಗಳನ್ನು ಜಾಡಿಗೆ ಸುರಿದು ಎದ್ದೆ. ಏಳುವಾಗ ತೂಕದ ಯಂತ್ರದ ಮೇಲಿನ ಗೋಡೆ ಕಣ್ಣಿಗೆ ಬಿತ್ತು. ಸುತ್ತ ಮಾಸಿದ ಗೋಡೆಯ ನಡುವೆ ಒಂದು ಚೌಕ ಮಾತ್ರ ಬೆಳ್ಳಗೆ, ನಾಲ್ಕು ಮೂಲೆಯಲ್ಲೂ ಅಂಟಿನ ಕಲೆ. ಅಲ್ಲೇನೋ ಅಂಟಿಸಿದ್ದರು. ಏನೆಂದು ಆ ಹೊತ್ತಿಗೆ ಹೊಳೆಯಲಿಲ್ಲ. ಕ್ಯಾಲೆಂಡರ್ ಇರಬೇಕು ಅಂದುಕೊಂಡೆ.

"ಆಯ್ತಾ ಮೇಡಂ? ಕಾಫಿ ತರಿಸ್ಲಾ?"

"ಬೇಡಪ್ಪ. ಹಳೇ ಜಾಗ, ಒಂದು ಸುತ್ತು ಹಾಕಿ ಬರ್ತೀನಿ."

"ಧಾರಾಳವಾಗಿ," ಎಂದ. ಆದರೂ ಬಾಗಿಲ ತನಕ ನನ್ನ ಹಿಂದೆಯೇ ಬಂದ.

*

ಯಂತ್ರದ ಮನೆಯಲ್ಲಿ ಫಿಟ್ಟರ್ ಒಬ್ಬನೇ ಕೂತು ಉಗುರಿನ ಗ್ರೀಸು ತೆಗೆಯುತ್ತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ.

"ಅಚ್ಚು ಚೆನ್ನಾಗಿ ಹೊಳೀತಿದೆಯಲ್ಲೋ," ಎಂದೆ.

"ಹೊಸದು ಮೇಡಂ. ಹಳೇದು ಸವೆದು ಬಾಲ ಬಿಡ್ತಿತ್ತು. ಬದಲಾಯ್ಸಿ ಅಂತ ಗಂಟಲು ಹರ್ಕೊಂಡೆ, ಇಪ್ಪತ್ತೆರಡನೇ ತಾರೀಖಿಗೆ ಬಂತು."

ನನಗೆ ಬೇಕಾದದ್ದು ಸಿಕ್ಕಿತು. ಮೂರನೇ ತಾರೀಖಿನ ಬ್ಯಾಚಿಗೆ ಬಾಲವಿತ್ತು. ಜಾಡಿಯಲ್ಲಿರುವುದು ಇಪ್ಪತ್ತೆರಡರ ನಂತರದ ಮಾಲು. ತಂಗಿಯ ಕೊನೆಯ ನಾಯಿ ಸತ್ತದ್ದು ಇಪ್ಪತ್ತೊಂದಕ್ಕೆ. ಅಂದರೆ ಸಾವೆಲ್ಲ ಮುಗಿದ ಮೇಲೆ ಯಾರೋ ಕಪಾಟು ತೆಗೆದು, ಜಾಡಿ ಬದಲಿಸಿ, ಹೊಸ ಸೀಲು ಹಾಕಿದ್ದಾರೆ. ಆ ಕಪಾಟಿನ ಬೀಗದ ಕೈ ಇರುವುದು ಒಬ್ಬನ ಸೊಂಟದಲ್ಲಿ ಮಾತ್ರ.

ನೇರ ವಾಪಸು ಹೋಗಿ ಅವನ ಕೊರಳಪಟ್ಟಿ ಹಿಡಿಯಬಹುದಿತ್ತು. ಆದರೆ ರುಚಿ ನಾಯಿಗಳನ್ನು ನೋಡದೆ ಹೋಗಲು ಮನಸ್ಸಾಗಲಿಲ್ಲ.

ಕಾರ್ಖಾನೆಯ ಹಿತ್ತಲಲ್ಲಿ ಕಬ್ಬಿಣದ ಜಾಲರಿಯ ಒಂದು ಸಾಲು ಗೂಡು. ಹೊಸ ಬ್ಯಾಚು ಬಂದಾಗಲೆಲ್ಲ ಅಲ್ಲಿನ ನಾಯಿಗಳ ಮುಂದೆ ಎರಡು ಬಟ್ಟಲು ಇಡುತ್ತಾರೆ, ಒಂದರಲ್ಲಿ ಹಳೆಯ ಮಾಲು, ಒಂದರಲ್ಲಿ ಹೊಸದು. ಯಾವುದಕ್ಕೆ ಮೊದಲು ಮೂಗು ಹಾಕುತ್ತವೆ ಎಂದು ಬರೆದಿಡುತ್ತಾರೆ. ನನ್ನ ಕಾಲದಲ್ಲಿ ನಾಯಿಗಳು ಮೂತಿ ತಿರುಗಿಸಿದರೆ ಬ್ಯಾಚು ನಿಲ್ಲುತ್ತಿತ್ತು.

ಗೂಡು ನೋಡಿಕೊಳ್ಳುವಾಕೆ ಬಕೆಟ್ ಹಿಡಿದು ಬಂದಳು. "ಮೂಗಮ್ಮಾ!" ಎಂದವಳು ನಾಲಿಗೆ ಕಚ್ಚಿಕೊಂಡಳು.

"ಇರಲಿ ಬಿಡು. ಮೂರನೇ ತಾರೀಖಿನ ಬ್ಯಾಚು ಇವು ತಿಂದ್ವಾ?"

ಅವಳು ಅತ್ತಿತ್ತ ನೋಡಿದಳು. "ಎಲ್ಲಿ ತಿಂದ್ವು? ಒಂದೂ ಮುಟ್ಟಲಿಲ್ಲ. ಬಟ್ಟಲನ್ನೇ ಮೂಲೆಗೆ ತಳ್ಳಿದ್ವು. ಲ್ಯಾಬ್ ಸಾಹೇಬ್ರು ಬಂದು ನೋಡಿ, ಅದರ ಮೇಲೆ ಕೊಬ್ಬು, ಲಿವರ್ ರಸ ಎಲ್ಲಾ ಡಬಲ್ ಸಿಂಪಡಿಸಿ ತಂದ್ರು. ಆಮೇಲೆ ನೆಕ್ಕಿ ನೆಕ್ಕಿ ತಿಂದ್ವು, ಪಾಪ. 'ಪಾಸ್' ಅಂತ ಬರ್ಕೊಂಡ್ ಹೋದ್ರು."

ಚೀಲದ ಮೇಲೆ ಮಾಂಸದ ತುಂಡು, ಮಿರಮಿರ ಮಿಂಚುವ ನಾಯಿಯ ಚಿತ್ರ. ಒಳಗೆ ಅರ್ಧಕ್ಕಿಂತ ಹೆಚ್ಚು ಮುಸುಕಿನ ಜೋಳ, ಅದೂ ಕೆಟ್ಟದ್ದು. ವಾಸನೆ ಹಿಡಿದು ಬೇಡ ಎಂದ ಪ್ರಾಣಿಯ ಮೂಗಿಗೇ ಮೋಸ ಮಾಡಿ ತಿನ್ನಿಸಿದ್ದಾರೆ. ಇವರಿಗೆ ಏನನ್ನಬೇಕು ನೀವೇ ಹೇಳಿ.

"ಒಂದು ಹೊತ್ತು ತಿಂದಿದ್ದಕ್ಕೆ ಇವಕ್ಕೇನೂ ಆಗಲಿಲ್ಲ," ಎಂದಳು ಆಕೆ. "ಅಜ್ಜಿ ಒಬ್ಬಳನ್ನ ಬಿಟ್ಟು."

ಅಜ್ಜಿ ಎಂದರೆ ಸಾಲಿನ ಕೊನೆಯ ಗೂಡಿನ ಮುದಿ ಹೆಣ್ಣು ನಾಯಿ. ನಾನಿದ್ದಾಗ ಹರೆಯದವಳು. ನನ್ನ ಹೆಜ್ಜೆ ಸಪ್ಪಳಕ್ಕೇ ಜಾಲರಿ ಹತ್ತುತ್ತಿದ್ದಳು. ಈಗ ಗೋಣಿಯ ಮೇಲೆ ಬಿದ್ದಿದ್ದಳು. ಬಾಲದ ತುದಿ ಒಮ್ಮೆ ಅಲುಗಿತು. ಬಗ್ಗಿ ಅವಳ ಕಣ್ಣ ರೆಪ್ಪೆ ಎತ್ತಿದೆ. ಬಿಳಿ ಇರಬೇಕಾದ ಕಡೆ ಅರಿಸಿನದ ಹಳದಿ. ಒಸಡೂ ಹಳದಿ. ತಂಗಿಯ ಹನ್ನೊಂದೂ ನಾಯಿಗಳು ಹೀಗೇ ಹಳದಿಯಾಗಿ ಸತ್ತಿದ್ದವು.

"ಇವಳಿಗೊಬ್ಬಳಿಗೇ ಯಾಕೆ?"

"ಹೋದ ವಾರ ಐದು ದಿನ ಸಾಹೇಬ್ರೇ ಕೈಯಾರೆ ತಂದು ಹಾಕಿದ್ರು. ಒಂದು ಡಬ್ಬಿಯಿಂದ. ಬೇರೆಯವಕ್ಕೆ ಕೊಡಬೇಡ ಅಂದ್ರು. ಮುದುಕಿ ಅಂತ ಪ್ರೀತಿ ಅಂದ್ಕೊಂಡೆ ನಾನು."

ಅಜ್ಜಿ ನನ್ನ ಅಂಗೈ ಮೂಸಿ ಗುರುತು ಹಿಡಿದಳು. ನೆಕ್ಕಲು ಅವಳಿಗೆ ಶಕ್ತಿ ಇರಲಿಲ್ಲ.

*

ಪ್ರಯೋಗಾಲಯದ ಬಾಗಿಲನ್ನು ಒಳಗಿನಿಂದ ಚಿಲಕ ಹಾಕಿದೆ. ಶಿಷ್ಯ ಕುರ್ಚಿಯಿಂದ ಅರ್ಧ ಎದ್ದ.

"ಕೂತ್ಕೊ," ಎಂದೆ. ಕೂತ.

ಜೇಬಿನ ಪೊಟ್ಟಣ ಬಿಚ್ಚಿ ನಾಲ್ಕು ಬಾಲದ ಬಿಲ್ಲೆಗಳನ್ನು ಅವನ ಮುಂದೆ ಸಾಲಾಗಿ ಇಟ್ಟೆ. ಪಕ್ಕದಲ್ಲಿ ಜಾಡಿ ಇಟ್ಟೆ.

"ಮೂರನೇ ತಾರೀಖಿನ ಬಿಲ್ಲೆಗೆ ಬಾಲ ಇದೆ. ನಿನ್ನ ಜಾಡಿಯಲ್ಲಿ ಯಾಕಿಲ್ಲ?"

"ಸಾಗಿಸೋವಾಗ ಮುರಿದು ಹೋಗುತ್ತೆ ಮೇಡಂ."

"ಮುರಿದ್ರೆ ಗಾಯ ಉಳಿಯುತ್ತೆ. ಇನ್ನೂರ ನಲವತ್ತರಲ್ಲಿ ಒಂದಕ್ಕೂ ಗಾಯ ಇಲ್ಲ. ಇದು ಹೊಸ ಅಚ್ಚಿನ ಮಾಲು. ಕಣ್ಣಿಗೆ ಮಣ್ಣೆರಚೋಕೆ ಇನ್ಸ್‌ಪೆಕ್ಟರ್ ಸಿಕ್ಕಿದ್ರೆ ನಾನೂ ಸಿಕ್ತೀನಿ ಅಂದ್ಕೊಂಡ್ಯೇನೋ?"

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡತೊಡಗಿದ.

"ಅಜ್ಜಿಗೆ ಐದು ದಿನ ತಿನ್ನಿಸಿದ್ದು ಏನು?"

ಮುಚ್ಚಳ ಕೈಜಾರಿ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

"ಪರೀಕ್ಷೆ ಯಂತ್ರದ ಮೇಲೆ ನಂಬಿಕೆ ಬರಲಿಲ್ಲ ಮೇಡಂ," ಎಂದ ಕೊನೆಗೆ. "ಅಂಕಿ ಅಷ್ಟು ಜಾಸ್ತಿ ಇತ್ತು. ಖಾತ್ರಿ ಮಾಡ್ಕೋಬೇಕಿತ್ತು."

"ಅದಕ್ಕೆ ಹಲ್ಲಿಲ್ಲದ ಮುದುಕಿ ಬೇಕಾಯ್ತಾ ನಿನಗೆ?"

"ಹೇಗೂ ಅವಳಿಗೆ ವಯಸ್ಸಾಗಿತ್ತು."

ಇಷ್ಟು ತಣ್ಣಗೆ ಹೇಳಿದ. ಕೆನ್ನೆಗೆ ಎರಡು ಬಿಗಿಯೋಣ ಎಂದು ಕೈ ಮೇಲೆದ್ದಿತ್ತು. ತಂಗಿ ನೆನಪಾಗಿ ಇಳಿಸಿದೆ. ನನಗೆ ಬೇಕಾದದ್ದು ಇವನ ಕೆನ್ನೆಯಲ್ಲ, ಜಾಡಿ.

"ನಿಜವಾದ ಜಾಡಿ ಎಲ್ಲಿ?"

"ಎಸೆದೆ."

"ಸುಳ್ಳು. ನೀನು ಸೀಲು ಒಡೀತೀಯ, ಕಾಗದ ತಿದ್ತೀಯ, ಸಾಯೋ ನಾಯಿಗೆ ವಿಷ ತಿನ್ನಿಸ್ತೀಯ. ಅವಧಿ ಮುಗೀದ ಜಾಡಿ ಮಾತ್ರ ಎಸೆಯೋಕೆ ನಿನ್ನ ಕೈ ಬರಲ್ಲ. ಹೊಸದರಲ್ಲಿ ನೀನು ಒಂದು ಸಲ ಎಸೆದಿದ್ದೆ, ನೆನಪಿದೆಯಾ? ಎಂಟು ತಿಂಗಳ ಜಾಡಿ. ಕಸದ ಗುಂಡಿಗಿಳಿಸಿ ಬಿಲ್ಲೆ ಬಿಲ್ಲೆ ಹೆಕ್ಕಿಸಿದ್ದೆ ನಿನ್ನ ಕೈಲಿ."

ಅವನ ಕಣ್ಣು ಕ್ಷಣ ಮಾತ್ರ ಮೂಲೆಯ ಉಕ್ಕಿನ ಬೀರುವಿನ ಕಡೆ ಓಡಿ ಬಂತು. ಕೋಟು, ಬೂಟು ಇಡುವ ಬೀರು ಅದು.

"ತೆಗಿ," ಎಂದೆ.

ತೆಗೆದ. ಬೂಟುಗಳ ಹಿಂದೆ, ಕಪ್ಪು ಬಟ್ಟೆಯಲ್ಲಿ ಸುತ್ತಿದ ಜಾಡಿ. ಬೆಳಕು ತಾಗಬಾರದೆಂದು ಬಟ್ಟೆ ಸುತ್ತಿದ್ದ, ಮಹಾನುಭಾವ. ಮೇಜಿನ ಮೇಲಿಟ್ಟ. ಗಾಜಿನಾಚೆಗೆ ಬಾಲಗಳು ಕಂಡವು, ಒಂದು, ಎರಡು, ಮೂರು. ತಂಗಿ ಬದುಕಿದಳು.

ಜಾಡಿಗೆ ಒಂದು ಚೀಟಿ ಅಂಟಿಸಿತ್ತು. ಅವನದೇ ಅಕ್ಷರ. ಅಫ್ಲಾಟಾಕ್ಸಿನ್, ಅಂದರೆ ಜೋಳಕ್ಕೆ ಹಿಡಿಯುವ ಬೂಷ್ಟಿನ ವಿಷ. ಬೇಯಿಸಿದರೂ ಸಾಯದ ವಿಷ ಅದು, ನಾಯಿಯ ಈಲಿಯನ್ನು, ಅಂದರೆ ಲಿವರನ್ನು, ಒಳಗೊಳಗೇ ಕರಗಿಸುತ್ತದೆ. ನೂರು ಕೋಟಿಗೆ ಇಪ್ಪತ್ತು ಭಾಗ ದಾಟಬಾರದು. ಚೀಟಿಯಲ್ಲಿದ್ದದ್ದು ನಾನೂರ ಹನ್ನೆರಡು.

"ಜೋಳ ಗೇಟಿಗೆ ಬಂದಾಗ ಪರೀಕ್ಷೆ ಮಾಡಿದ್ದು ಯಾರು?"

"ನಾನೇ."

"ಎಷ್ಟು ಬಂತು?"

"ಒಂಬತ್ತು."

"ಒಂಬತ್ತು ಹೋಗಿ ನಾನೂರು ಹೇಗಾಗುತ್ತೋ? ಲಂಚ ತಿಂದ್ಯಾ?"

"ಇಲ್ಲ ಮೇಡಂ. ನನ್ನ ಮಕ್ಕಳಾಣೆ. ಒಂಬತ್ತೇ ಬಂತು. ಮೂರು ಸಲ ಮಾಡಿದೆ."

ಅವನ ಮುಖ ನೋಡಿದೆ. ಈ ಸಲ ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಹಿಡಿಸಲಿಲ್ಲ.

"ಎದ್ದೇಳು. ಉಳಿದದ್ದು ಠಾಣೇಲಿ ಹೇಳು."

"ಒಂದು ನಿಮಿಷ. ಇದನ್ನೂ ತಗೊಂಡು ಹೋಗೋಣ." ಬೀರುವಿನ ಮೇಲಿನ ಅಂಕಣದಿಂದ ಒಂದು ದಪ್ಪ ಕಾರ್ಡು ತೆಗೆದು ಜಾಡಿಯ ಪಕ್ಕ ಇಟ್ಟ. ನಾಲ್ಕು ಮೂಲೆಯಲ್ಲೂ ಒಣಗಿದ ಅಂಟು. ಗೋಡೆಯ ಬಿಳಿ ಚೌಕದಷ್ಟೇ ದೊಡ್ಡದು.

ಓದುವ ಮೊದಲೇ ಬರೆದವರು ಯಾರೆಂದು ಗೊತ್ತಾಯಿತು. ಹಸಿರು ಶಾಯಿ. ಎಡಕ್ಕೆ ವಾಲಿದ, ಒತ್ತಿ ಬರೆದ ಅಕ್ಷರ. ತಲಕಟ್ಟುಗಳಿಗೆಲ್ಲ ಒಂದು ಸಣ್ಣ ಕೊಕ್ಕೆ.

ಜೋಳದ ಮಾದರಿ ಸಿದ್ಧಪಡಿಸುವ ಕ್ರಮ. ಮೊದಲು ಜರಡಿ ಹಿಡಿಯುವುದು. ನಂತರ ಧೂಳು, ಒಡಕು ಕಾಳು, ಕಪ್ಪು ಕಾಳು ಆರಿಸಿ ತೆಗೆಯುವುದು. ಉಳಿದ ಶುದ್ಧ ಕಾಳನ್ನು ಬೀಸಿ ಪರೀಕ್ಷಿಸುವುದು. ತೆಗೆದ ಕಾಳನ್ನು ಲೋಡಿಗೆ ಮರಳಿಸುವುದು, ತೂಕ ಕಡಿಮೆಯಾಗಬಾರದು. ಶುದ್ಧ ಎಂಬ ಪದದ ಕೆಳಗೆ ಎರಡು ಗೆರೆ.

"ಆ ಲೋಡಿನಲ್ಲಿ ನೂರಕ್ಕೆ ಹದಿನೆಂಟು ಕಾಳು ಕಪ್ಪು," ಎಂದ ಶಿಷ್ಯ. "ಆರಿಸೋಕೆ ಒಂದು ಗಂಟೆ ಹಿಡೀತು. ಎಲ್ಲಾ ತೆಗೆದು, ಉಳಿದ ಒಳ್ಳೇ ಕಾಳು ಬೀಸಿದೆ. ಒಂಬತ್ತು ಬಂತು. ಕಪ್ಪು ಕಾಳು ಲೋಡಿಗೇ ಸುರಿದೆ. ನೀವು ಬರೆದ ಹಾಗೇ."

"ಕಣ್ಣಿಗೆ ಕಾಣಲಿಲ್ವೇನೋ ನಿನಗೆ? ಕಪ್ಪಗಿದೆ ಅಂತ ಗೊತ್ತಾಗಲಿಲ್ವಾ?"

"ಕಾಣ್ತು. ಕಾರ್ಡಲ್ಲಿ ಹಾಗಿತ್ತು, ಮಾಡಿದೆ. ಕಾರ್ಡು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವರನ್ನ ನೀವು ಏನ್ ಮಾಡ್ತಿದ್ರಿ ಅಂತ ನನಗೆ ಗೊತ್ತಲ್ಲ. ಗುಂಡಿಗೆ ಇಳಿಸ್ತಿದ್ರಿ."

ಕಾರ್ಡನ್ನು ಮಗುಚಿ ಇಟ್ಟೆ.

ಆ ಕಾರ್ಡು ಬರೆದಾಗ ನಮ್ಮಲ್ಲಿ ವಿಷದ ಪರೀಕ್ಷೆಯೇ ಇರಲಿಲ್ಲ. ಹಿಟ್ಟಿನ ಅಂಶ, ಎಣ್ಣೆಯ ಅಂಶ ನೋಡುತ್ತಿದ್ದೆವು, ಅಷ್ಟೆ. ಒಡಕು ಕಾಳಿನ ಜೊತೆ ಬರುವ ಕಲ್ಲಿಗೆ ಬೀಸುವ ಯಂತ್ರದ ಅಲಗು ಮುರಿಯುತ್ತಿತ್ತು. ಅಲಗು ಉಳಿಸಲು ಆರಿಸಿ ಎಂದೆ. ಆಮೇಲೆ ವಿಷದ ಪರೀಕ್ಷೆಯ ಪೆಟ್ಟಿಗೆ ಬಂತು. ಅದಕ್ಕೂ ಅದೇ ಆರಿಸಿದ ಕಾಳಿನ ಹಿಟ್ಟು ಹಾಕತೊಡಗಿದೆವು. ಇದು ತಪ್ಪು ಎಂದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ಮನೆಯಲ್ಲಿ ತಂಗಿಗೆ ಕಪ್ಪು ಕಾಳಲ್ಲೇ ವಿಷ ಎಂದು ಪಾಠ ಹೇಳಿದವಳಿಗೆ ಗೊತ್ತಾಗದೆ ಇರುತ್ತದೆಯೇ? ನಾಳೆ ಕಾರ್ಡು ಬದಲಾಯಿಸೋಣ ಎಂದೆ. ನಾಳೆ, ನಾಳಿದ್ದು, ಮುಂದಿನ ತಿಂಗಳು. ಬದಲಾಯಿಸಿದರೆ ಹಿಂದೆ ಪಾಸು ಮಾಡಿದ್ದೆಲ್ಲ ತಪ್ಪು ಎಂದು ಒಪ್ಪಿಕೊಂಡಂತೆ. ಮೂಗಮ್ಮ ತಪ್ಪು ಮಾಡುವುದುಂಟೇ? ಹಾರ ಹಾಕಿಸಿಕೊಂಡು ನಿವೃತ್ತಳಾಗಿ ಹೋದೆ. ಕಾರ್ಡು ಗೋಡೆಯಲ್ಲೇ ಉಳಿಯಿತು.

ಹನ್ನೊಂದು ನಾಯಿಗಳನ್ನು ಕೊಂದ ಕೈ ನನ್ನದೂ ಹೌದು.

"ಜಾಡಿ ಬದಲಾಯ್ಸಿದ್ದು ನನ್ನ ಕೆಲಸ ಉಳಿಸ್ಕೊಳ್ಳೋಕೆ," ಎಂದ ಶಿಷ್ಯ. "ಸುಳ್ಳು ಹೇಳಲ್ಲ. ಅದರ ಜೊತೆ ನಿಮ್ಮ ಹೆಸರೂ ಉಳೀತು. ಜಾಡಿ ಠಾಣೆಗೆ ಹೋದ್ರೆ ಒಂಬತ್ತು ಹೇಗೆ ಬಂತು ಅಂತ ಕೇಳ್ತಾರೆ. ನಾನು ಕಾರ್ಡ್ ತೋರಿಸ್ತೀನಿ. ಜೈಲಿಗೆ ಹೋದ್ರೆ ಇಬ್ಬರೂ ಹೋಗೋಣ."

ಅಜ್ಜಿಯ ಹಳದಿ ಕಣ್ಣು ನೆನಪಾಯಿತು. ತಂಗಿಯ ಸೀಳಿದ ಹುಬ್ಬು ನೆನಪಾಯಿತು.

"ಹೋಗೋಣ," ಎಂದೆ. "ಇಬ್ಬರೂ ಹೋಗೋಣ. ಜಾಡಿ ಎತ್ಕೊ."

ಅವನ ಮುಖ ಪೆಚ್ಚಾಯಿತು. ಈ ಉತ್ತರ ಅವನ ಲೆಕ್ಕದಲ್ಲಿರಲಿಲ್ಲ. ನಾನು ಫೋನು ತೆಗೆದು ಇನ್ಸ್‌ಪೆಕ್ಟರನಿಗೆ ಹಚ್ಚಿದೆ.

"ನಾನೇ ಫೋನ್ ಮಾಡೋಣ ಅಂತಿದ್ದೆ ಮೇಡಂ," ಎಂದ ಆತ. "ನಿಮ್ಮ ತಂಗಿ ಒಪ್ಕೊಂಡ್ಬಿಟ್ರು."

"ಏನನ್ನ?"

"ಇಲಿ ಪಾಷಾಣ. ನೀರಲ್ಲಿ ಕಲಸಿ ಹಾಕ್ದೆ ಅಂದ್ರು. ಅರ್ಧ ಗಂಟೆ ಆಯ್ತು, ಸಹಿನೂ ಹಾಕಿದಾರೆ."

"ಸುಳ್ಳು! ಇಲಿ ಹಿಡಿದ್ರೂ ಕಿಟಕಿ ತೆಗೆದು ಆಚೆ ಬಿಡೋಳು ಅವಳು. ಹೊಡೆದ್ರೇನ್ರೀ ಅವಳನ್ನ?"

"ಅಯ್ಯೋ, ಟೀ ಕೊಟ್ಟಿದ್ದೆ ಮೇಡಂ. ಬೆಳಿಗ್ಗೆಯಿಂದ 'ನಾನಲ್ಲ, ನಾನಲ್ಲ' ಅಂತ ಒಂದೇ ಹಟ. ಕಾರ್ಖಾನೆಯವರು ಕೊಟ್ಟ ಫೈಲ್ ಮುಂದಿಟ್ಟು ಒಂದೊಂದೇ ಹಾಳೆ ತೋರಿಸ್ತಾ ಹೋದೆ. ನೋಡಮ್ಮಾ, ಅವರ ಪರೀಕ್ಷೆ ಎಲ್ಲಾ ಸರಿಯಾಗಿದೆ ಅಂತ. ಮೂವತ್ತೊಂದನೇ ಹಾಳೆಗೆ ಸುಮ್ಮನಾಗಿಬಿಟ್ರು. ಕೈಯಲ್ಲಿ ಹಿಡ್ಕೊಂಡು ಬಹಳ ಹೊತ್ತು ನೋಡಿದ್ರು. ಬೆರಳಲ್ಲಿ ಅಕ್ಷರ ಸವರಿದ್ರು. ಆಮೇಲೆ ಪೆನ್ ಕೊಡಿ ಅಂದ್ರು."

"ಮೂವತ್ತೊಂದನೇ ಹಾಳೇಲಿ ಏನಿದೆ?"

ಹಾಳೆ ಮಗುಚುವ ಸದ್ದು. "ಏನಿಲ್ಲ, ಯಾವುದೋ ಕಾರ್ಡಿನ ಜೆರಾಕ್ಸ್. ಕಾಳು ಆರಿಸೋ ಕ್ರಮ ಅಂತೆ."

ನಾನು ಶಿಷ್ಯನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ. "ಫೈಲಿಗೆ ಅಂತಲೇ ಗೋಡೆಯಿಂದ ಬಿಚ್ಚಿದ್ದು. ಪ್ರತಿ ತೆಗೆದು ಕೊಟ್ಟ ಮೇಲೇ ಅದರಲ್ಲಿರೋ ತಪ್ಪು ಹೊಳೆದದ್ದು," ಎಂದು ಗೊಣಗಿದ.

"ಇನ್ನೊಂದು ಮಾತು ಮೇಡಂ," ಎಂದ ಇನ್ಸ್‌ಪೆಕ್ಟರ್. "ನಿಮಗೆ ಹೇಳಿ ಅಂದ್ರು. ನನಗಂತೂ ತಲೆಬುಡ ಗೊತ್ತಾಗಲಿಲ್ಲ. 'ಅಕ್ಕನಿಗೆ ಹೇಳಿ, ನಾನು ಏನೂ ಓದಿಲ್ಲ' ಅಂದ್ರು. ಅಷ್ಟೆ. ಐದಕ್ಕೆ ಕಾಗದ ಹೋಗುತ್ತೆ. ನೀವು ಫೋನ್ ಮಾಡಿದ್ದು ಯಾಕೆ ಮೇಡಂ? ಏನಾದ್ರೂ ಸಿಕ್ತಾ?"

ಕಾರ್ಡಿನ ಆ ಕೊಕ್ಕೆಯ ಅಕ್ಷರವನ್ನೇ ತಿದ್ದಿ ಅವಳು ಓದು ಕಲಿತದ್ದು. ಫೋನು ಕಿವಿಯಲ್ಲೇ ಇತ್ತು.

ಶಿಷ್ಯ ಮಂಕನಲ್ಲ. ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡ. ಮೆಲ್ಲಗೆ ಎದ್ದು ಮಾದರಿ ಪುಸ್ತಕ ತೆರೆದು ನನ್ನ ಮುಂದಿಟ್ಟ, ಅದರ ಮೇಲೆ ಪೆನ್ನು ಇಟ್ಟ. ಜಾಡಿ ಎತ್ತಿಕೊಂಡು ತೊಟ್ಟಿಯ ಹತ್ತಿರ ಹೋಗಿ ನಲ್ಲಿ ತಿರುಗಿಸಿದ.

"ಅವಧಿಗೆ ಮುಂಚೆ ಎಸೀಬೇಕಾದ್ರೆ ಇಬ್ಬರ ಒಪ್ಪಿಗೆ ಬೇಕು," ಎಂದ ಪಿಸುದನಿಯಲ್ಲಿ. "ನಿಯಮ ನಿಮ್ಮದೇ. ಅವರಾಗೇ ಒಪ್ಕೊಂಡಿದಾರೆ ಮೇಡಂ. ನಾವೇನೂ ಕೇಳಿರಲಿಲ್ಲ."

ಮುಚ್ಚಳ ತೆಗೆದ. ಬೂಷ್ಟು ಹಿಡಿದ ಜೋಳದ ವಾಸನೆ, ಮೇಲೆ ಸಿಂಪಡಿಸಿದ ಕೊಬ್ಬನ್ನೂ ಸೀಳಿಕೊಂಡು ನನ್ನ ಮೂಗಿಗೆ ಬಂತು. ಮೊದಲ ದಿನ ಆ ರುಚಿ ನಾಯಿಗಳು ಬಟ್ಟಲು ತಳ್ಳಿದ್ದು ಇದೇ ವಾಸನೆಗೆ.

"ಹಲೋ? ಮೇಡಂ? ಲೈನಲ್ಲಿ ಇದೀರಾ?" ಇನ್ಸ್‌ಪೆಕ್ಟರ್ ಕೇಳುತ್ತಲೇ ಇದ್ದ. "ಏನಾದ್ರೂ ಸಿಕ್ತಾ?"

ಶಿಷ್ಯ ಜಾಡಿಯನ್ನು ನೀರಿನ ಕೆಳಗೆ ವಾಲಿಸಿ ನನ್ನ ಕಡೆ ತಿರುಗಿದ. ಒಂದು ಬಿಲ್ಲೆ ಜಾರಿ ತೊಟ್ಟಿಗೆ ಬಿತ್ತು.

ಬೇಡ ಎಂದು ನಾನು ಆಗಲೇ ಕೂಗಬೇಕಿತ್ತು. ಕೂಗಲಿಲ್ಲ.